ಮೈಯೊಳಗಿನ ಲೋಹ ಯಾವಾಗ ವಿಷವಾಗುತ್ತದೆ?

ಠಾಕುರ್ಲಿ: ಡೊಂಬಿವಲಿ ಮತ್ತು ಕಲ್ಯಾಣದ ನಡುವಿನ ಈ ಊರಿನವರಿಗೆ ‘ಕೆಮಿಕಲ್’ ಎಂಬ ಶಬ್ದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ವಾಸನೆ ರಾತ್ರಿ ಹೊತ್ತು ಕಿಟಕಿ ಮುಚ್ಚಿಸಿದ ಅನುಭವ ಇಲ್ಲಿನ ಅನೇಕ ಮನೆಗಳಿಗಿದೆ. 2016ರ ಮೇ 26ರಂದು ಪ್ರೊಬೇಸ್ ಕಾರ್ಖಾನೆಯಲ್ಲಿ, 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್‌ನಲ್ಲಿ ನಡೆದ ಸ್ಫೋಟಗಳು ಹಲವರನ್ನು ಬಲಿ ತೆಗೆದುಕೊಂಡವು. ಆದುದರಿಂದ ರಾಸಾಯನಿಕವೆಂದರೆ ವಿಷ, ವಿಷವೆಂದರೆ ಹೊರಗಿನಿಂದ ಬರುವ ಅಪಾಯ ಎಂಬ ಭಾವನೆ ಇಲ್ಲಿ ಸಹಜವಾಗಿಯೇ ಬೇರೂರಿದೆ.

ಆದರೆ ಇನ್ನೊಂದು ಬಗೆಯ ರಾಸಾಯನಿಕ ವಸ್ತುಗಳಿವೆ. ಅವನ್ನು ಜನ ತಾವಾಗಿಯೇ ಒಪ್ಪಿ, ಲಕ್ಷಾಂತರ ರೂಪಾಯಿ ಕೊಟ್ಟು ಮೈಯೊಳಗೆ ಇರಿಸಿಕೊಳ್ಳುತ್ತಾರೆ. ಕೃತಕ ಮೊಣಕಾಲು, ಸೊಂಟದ ಕೀಲು, ಹೃದಯದ ಸ್ಟೆಂಟ್, ಕವಾಟ, ಕಣ್ಣಿನ ಮಸೂರ, ಮುರಿದ ಎಲುಬಿಗೆ ಹಾಕುವ ಪ್ಲೇಟು ಮತ್ತು ಸ್ಕ್ರೂ, ಎಲ್ಲವೂ ಲೋಹ ಅಥವಾ ಪ್ಲಾಸ್ಟಿಕ್. ಅವಿಭಜಿತ ದಕ್ಷಿಣ ಕನ್ನಡದಿಂದಲೂ ಉತ್ತರ ಕರ್ನಾಟಕದಿಂದಲೂ ಅರುವತ್ತು, ಎಪ್ಪತ್ತರ ದಶಕಗಳಲ್ಲಿ ಮುಂಬಯಿಗೆ ಬಂದು, ಹೊಟೇಲು, ಬ್ಯಾಂಕು, ಮಿಲ್ಲು, ರೈಲ್ವೆಗಳಲ್ಲಿ ದುಡಿದು, ಕೊನೆಗೆ ಠಾಕುರ್ಲಿ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆ ನಿಂತ ತಲೆಮಾರು ಈಗ ಎಪ್ಪತ್ತು ದಾಟಿದೆ. ದಿನಕ್ಕೆರಡು ಬಾರಿ ರೈಲ್ವೆ ಸೇತುವೆಯ ಮೆಟ್ಟಿಲು ಹತ್ತಿಳಿದ ಮೊಣಕಾಲುಗಳು ಸವೆದಿವೆ. ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದೊಡನೆ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಇಷ್ಟೊಂದು ಲೋಹ ಮೈಯೊಳಗಿದ್ದರೆ ನಂಜಾಗುವುದಿಲ್ಲವೇ?’

ಪ್ರಶ್ನೆ ಅನಗತ್ಯವಾದುದಲ್ಲ. ಅದಕ್ಕೆ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂಬ ಒಂದೇ ಶಬ್ದದ ಉತ್ತರವಿಲ್ಲ. ವಿಷ ಇರುವುದು ವಸ್ತುವಿನ ಹೆಸರಿನಲ್ಲಲ್ಲ. ಅದು ಯಾವ ರೂಪದಲ್ಲಿದೆ, ಯಾವುದಕ್ಕೆ ಅಂಟಿಕೊಂಡಿದೆ, ಅದರಿಂದ ಏನು ಎಷ್ಟು ಪ್ರಮಾಣದಲ್ಲಿ ಬಿಡಿಸಿಕೊಂಡು ರಕ್ತಕ್ಕೆ ಸೇರುತ್ತದೆ ಎಂಬುದರಲ್ಲಿದೆ.

ಹಿತ್ತಾಳೆ ಪಾತ್ರೆಯ ಪಾಠ

ಊರಿನ ಅಡುಗೆಮನೆ ಬಲ್ಲವರಿಗೆ ಈ ಮಾತು ಹೊಸತಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಬೇಯಿಸಬಾರದೆಂದು ಅಜ್ಜಿಯಂದಿರು ಎಚ್ಚರಿಸುತ್ತಿದ್ದರು. ಅದೇ ಪಾತ್ರೆಯಲ್ಲಿ ನೀರು ಕಾಯಿಸಿದರೆ ತೊಂದರೆಯಿಲ್ಲ, ಹುಣಸೆಹುಳಿ ಬಿದ್ದರೆ ಕಿಲುಬು. ಲೋಹ ಅದೇ, ಸುತ್ತಲಿನ ರಸ ಬೇರೆ. ಹುಳಿಯು ತಾಮ್ರವನ್ನು ಕರಗಿಸಿ ಹೊರಗೆ ತರುತ್ತದೆ. ಕಲಾಯಿಯ ತೆಳು ಪದರ ಅದನ್ನು ತಡೆಯುತ್ತದೆ.

ಮೈಯೊಳಗೆ ಇಡುವ ಲೋಹಗಳ ಗುಟ್ಟೂ ಇಂಥದೇ ಒಂದು ಪದರದಲ್ಲಿದೆ. ಮನುಷ್ಯನ ದೇಹ ಲೋಹಕ್ಕೆ ಸುಲಭದ ಜಾಗವಲ್ಲ. 37 ಡಿಗ್ರಿ ಬಿಸಿ, ಉಪ್ಪುನೀರು, ಪ್ರೋಟೀನು, ಆಮ್ಲಜನಕ, ಎಲ್ಲವೂ ಅಲ್ಲಿವೆ. ಕರಾವಳಿಯ ಮನೆಯ ಕಬ್ಬಿಣದ ಸರಳು ಉಪ್ಪುಗಾಳಿಗೆ ಹೇಗೆ ತುಕ್ಕು ಹಿಡಿಯುತ್ತದೋ ಹಾಗೆಯೇ ಸಾಮಾನ್ಯ ಕಬ್ಬಿಣ ಮೈಯೊಳಗೂ ತುಕ್ಕು ಹಿಡಿಯುತ್ತದೆ. ಆದುದರಿಂದಲೇ ವೈದ್ಯರು ಮುಖ್ಯವಾಗಿ ಮೂರು ಬಗೆಯ ಲೋಹಗಳನ್ನು ಆರಿಸಿಕೊಂಡರು: 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ ಮತ್ತು ಅದರ ಮಿಶ್ರಲೋಹ, ಹಾಗೂ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ.

ಸ್ಟೀಲ್ ಮತ್ತು ಕೋಬಾಲ್ಟ್ ಮಿಶ್ರಲೋಹದಲ್ಲಿರುವ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಪದರವನ್ನು ಕಟ್ಟುತ್ತದೆ. ಟೈಟಾನಿಯಂ ತನ್ನದೇ ಆಕ್ಸೈಡಿನ ಪದರವನ್ನು ಕಟ್ಟಿಕೊಳ್ಳುತ್ತದೆ. ಈ ಪದರದ ದಪ್ಪ ಕೆಲವೇ ನ್ಯಾನೊಮೀಟರ್. ಒಂದು ಮಿಲಿಮೀಟರ್ ಎಂದರೆ ಹತ್ತು ಲಕ್ಷ ನ್ಯಾನೊಮೀಟರ್ ಎಂಬುದನ್ನು ನೆನೆದರೆ ಅದೆಷ್ಟು ತೆಳು ಎಂದು ತಿಳಿದೀತು. ಕಲಾಯಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕಲಾಯಿ ಹೋದರೆ ಕಲಾಯಿಗಾರನೇ ಬರಬೇಕು. ಈ ಪದರ ಗೀರಿಹೋದರೆ ಕ್ಷಣಮಾತ್ರದಲ್ಲಿ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹಾಗಾದರೆ ಅಪಾಯವೆಲ್ಲಿ? ಎಡೆಬಿಡದೆ ಉಜ್ಜುತ್ತಲೇ ಇದ್ದರೆ, ಪದರ ಕೂಡಿಕೊಳ್ಳುವ ಮುನ್ನವೇ ಮತ್ತೆ ಹರಿಯುತ್ತಿದ್ದರೆ, ಅಪಾಯ ಅಲ್ಲಿ.

2010ರಲ್ಲಿ ಹಿಂದಕ್ಕೆ ಪಡೆದ ಕೀಲು

ಇದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಮುಂಬಯಿಗೂ ಸಂಬಂಧಪಟ್ಟದ್ದು. ಅಮೆರಿಕದ ಜಾನ್ಸನ್ ಆ್ಯಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪೆನಿ ‘ಎಎಸ್‌ಆರ್’ ಹೆಸರಿನ ಸೊಂಟದ ಕೀಲನ್ನು 2003ರಿಂದ ಮಾರುಕಟ್ಟೆಗೆ ತಂದಿತು. ಅದರ ಗುಂಡು ಮತ್ತು ಆ ಗುಂಡು ತಿರುಗುವ ಬಟ್ಟಲು ಎರಡೂ ಕೋಬಾಲ್ಟ್-ಕ್ರೋಮಿಯಂ ಲೋಹದವು. ಪ್ಲಾಸ್ಟಿಕ್ ಬಟ್ಟಲು ಸವೆಯುತ್ತದೆ, ಲೋಹಕ್ಕೆ ಲೋಹ ಕೊಟ್ಟರೆ ಹೆಚ್ಚು ಕಾಲ ಬಾಳುತ್ತದೆ, ವಯಸ್ಸಿನಲ್ಲಿ ಕಿರಿಯರಾದ ರೋಗಿಗಳಿಗೆ ಇದು ಒಳ್ಳೆಯದು ಎಂಬುದು ಆಗಿನ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪಿತು. ಪ್ರಯೋಗಾಲಯಗಳು ಒಂದು ಕೃತಕ ಕೀಲಿಗೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆಗಳ ಲೆಕ್ಕ ಹಿಡಿಯುತ್ತವೆ. ಈ ಕೀಲಿನ ಬಟ್ಟಲು ಆಳ ಕಡಿಮೆಯದು. ಅದು ತುಸು ಓರೆಯಾಗಿ ಕುಳಿತರೂ ಗುಂಡು ಅಂಚಿಗೆ ಉಜ್ಜಲಾರಂಭಿಸುತ್ತದೆ. ಆಗ ಸಂರಕ್ಷಕ ಪದರ ಹೆಜ್ಜೆಹೆಜ್ಜೆಗೂ ಹರಿಯುತ್ತದೆ, ಲೋಹದ ಅತಿ ಸೂಕ್ಷ್ಮ ಪುಡಿ ಉದುರುತ್ತದೆ. ಕಲ್ಲುಸಕ್ಕರೆಯ ಉಂಡೆಗಿಂತ ಅದರ ಪುಡಿ ಬೇಗ ಕರಗುವ ಹಾಗೆ, ಗಟ್ಟಿ ಲೋಹಕ್ಕಿಂತ ಅದರ ಪುಡಿಯಿಂದ ಬಹಳ ಹೆಚ್ಚು ಅಯಾನುಗಳು ಬಿಡುಗಡೆಯಾಗುತ್ತವೆ. ದೇಹದ ಕಾವಲು ಕಣಗಳು ಈ ಪುಡಿಯನ್ನು ನುಂಗುತ್ತವೆ. ಅವುಗಳೊಳಗಿನ ಜೀರ್ಣಚೀಲದಲ್ಲಿರುವುದು ಆಮ್ಲ, ಅಂದರೆ ಮತ್ತೆ ಅದೇ ಹುಣಸೆಹುಳಿಯ ಕತೆ. ಲೋಹ ಅಲ್ಲಿ ಕರಗುತ್ತದೆ, ಕಾವಲು ಕಣ ಸಾಯುತ್ತದೆ, ಸುತ್ತಲಿನ ಮಾಂಸ ಕೊಳೆಯಲಾರಂಭಿಸುತ್ತದೆ. ಮರುಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಕೀಲಿನ ಸುತ್ತ ಕಪ್ಪು ಬಣ್ಣಕ್ಕೆ ತಿರುಗಿದ ಮಾಂಸವನ್ನೂ ಗಡ್ಡೆಗಳನ್ನೂ ಕಂಡರು.

ಆಸ್ಟ್ರೇಲಿಯ ಮತ್ತು ಬ್ರಿಟನ್‌ನಲ್ಲಿ ಪ್ರತಿಯೊಂದು ಕೀಲು ಜೋಡಣೆಯನ್ನೂ ದಾಖಲಿಸುವ ರಾಷ್ಟ್ರೀಯ ನೋಂದಣಿ ಪುಸ್ತಕವಿದೆ. ಆ ಲೆಕ್ಕದಿಂದಲೇ ಸಂಗತಿ ಬಯಲಾಯಿತು. ಬ್ರಿಟನ್ನಿನ ದಾಖಲೆಯಂತೆ ಐದೇ ವರ್ಷಗಳೊಳಗೆ ನೂರಕ್ಕೆ 12ರಿಂದ 13 ಮಂದಿಗೆ ಈ ಕೀಲನ್ನು ತೆಗೆದು ಬೇರೆ ಹಾಕಬೇಕಾಗಿ ಬಂದಿತ್ತು. 2010ರ ಆಗಸ್ಟ್‌ನಲ್ಲಿ ಕಂಪೆನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಸುಮಾರು 93,000 ಮಂದಿಯ ಮೈ ಸೇರಿಯಾಗಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು.

ಒಂದೇ ಕೋಬಾಲ್ಟ್, ಹಲವು ಗುಣ

ಹಾಗಾದರೆ ಕೋಬಾಲ್ಟ್ ಕೆಟ್ಟ ಲೋಹವೇ? ಹಾಗೆನ್ನಲು ಬರುವುದಿಲ್ಲ. ರಕ್ತ ಮತ್ತು ನರಗಳ ಆರೋಗ್ಯಕ್ಕೆ ಬೇಕೇ ಬೇಕಾದ ಬಿ12 ಜೀವಸತ್ವದ ನಟ್ಟನಡುವೆ ಇರುವುದು ಒಂದು ಕೋಬಾಲ್ಟ್ ಪರಮಾಣು. ಅದರ ಸುತ್ತಲಿನ ಉಂಗುರದಂಥ ರಚನೆ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಹಿಡಿತದಲ್ಲಿರುವ ಕೋಬಾಲ್ಟ್ ಜೀವಪೋಷಕ.

ಅದೇ ಕೋಬಾಲ್ಟ್ ನೀರಿನಲ್ಲಿ ಕರಗುವ ಲವಣವಾದಾಗ ಏನಾಗುತ್ತದೆ ಎಂಬುದನ್ನು ಕೆನಡಾದ ಕ್ವಿಬೆಕ್ ನಗರ 1965-66ರಲ್ಲಿ ಕಂಡಿತು. ಬಿಯರಿನ ನೊರೆ ಹೆಚ್ಚು ಹೊತ್ತು ನಿಲ್ಲಲೆಂದು ಅಲ್ಲಿ ಅದಕ್ಕೆ ಕೋಬಾಲ್ಟ್ ಲವಣ ಸೇರಿಸಲಾಗುತ್ತಿತ್ತು. ವಿಪರೀತ ಕುಡಿಯುತ್ತಿದ್ದ 48 ಮಂದಿಯ ಹೃದಯದ ಸ್ನಾಯು ಸೋತಿತು, 20 ಮಂದಿ ತೀರಿಕೊಂಡರು. ಹಿಡಿತ ತಪ್ಪಿದ ಕೋಬಾಲ್ಟ್ ಅಯಾನು, ಆಮ್ಲಜನಕ ಸಾಲುತ್ತಿಲ್ಲವೆಂಬ ತಪ್ಪು ಸಂದೇಶವನ್ನು ಜೀವಕೋಶಗಳಿಗೆ ಕೊಡುತ್ತದೆ. ಪ್ರಮಾಣ ಬಹಳ ಹೆಚ್ಚಾದರೆ ಹೃದಯ, ಥೈರಾಯ್ಡ್, ಕಿವಿ, ಕಣ್ಣುಗಳಿಗೂ ತೊಂದರೆಯಾಗಬಹುದು.

ಕ್ರೋಮಿಯಂ ಕತೆಯೂ ಹೀಗೆಯೇ. ಲೇಪನ ಕಾರ್ಖಾನೆಗಳಲ್ಲಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದು ಜೀವಕೋಶದೊಳಕ್ಕೆ ಸಲೀಸಾಗಿ ನುಗ್ಗುತ್ತದೆ. ಕೃತಕ ಕೀಲಿನ ಸವೆತದಿಂದ ಮುಖ್ಯವಾಗಿ ಬರುವುದು ಮೂರು ವೇಲೆನ್ಸಿಯದು. ಅದು ಪ್ರೋಟೀನು, ಫಾಸ್ಫೇಟುಗಳಿಗೆ ಅಂಟಿಕೊಂಡು ಬಹುಪಾಲು ಕೀಲಿನ ಬಳಿಯಲ್ಲೇ ಉಳಿಯುತ್ತದೆ. ಕೋಬಾಲ್ಟ್ ಮಾತ್ರ ಸುಲಭವಾಗಿ ಕರಗಿ ರಕ್ತದಲ್ಲಿ ಸಂಚರಿಸಿ, ಮೂತ್ರದಲ್ಲಿ ಹೊರಹೋಗುತ್ತದೆ. ಮೂತ್ರಪಿಂಡ ದುರ್ಬಲವಿದ್ದವರು ಹೆಚ್ಚು ಎಚ್ಚರದಿಂದಿರಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಕೀಲು ಇಲ್ಲದ ಆರೋಗ್ಯವಂತನ ಒಂದು ಲೀಟರ್ ರಕ್ತದಲ್ಲಿ ಕೋಬಾಲ್ಟ್ ಸಾಮಾನ್ಯವಾಗಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆ. ಅದು ಏಳು ದಾಟಿದರೆ ಹೆಚ್ಚಿನ ತಪಾಸಣೆ ಬೇಕೆಂದು ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2010ರಲ್ಲಿ ಸೂಚಿಸಿತು.

ಮಣಿಪಾಲದ ನಂಟಿರುವ ಕವಾಟ

ಇದೇ ಜಾತಿಯ ಲೋಹ ಸುರಕ್ಷಿತವಾಗಿ ಕೆಲಸ ಮಾಡಿದ ಕತೆಯೂ ಇದೆ. ಕರಾವಳಿಯವರಿಗೆ ಅದು ಹತ್ತಿರದ್ದು. ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಯಾಗಿದ್ದ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ. ಎಸ್. ವಲಿಯತ್ತಾನ್ ಅದಕ್ಕೂ ಮೊದಲು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯನ್ನು ಕಟ್ಟಿದವರು. ವಿದೇಶಿ ಹೃದಯ ಕವಾಟದ ಬೆಲೆ ಬಡವರ ಕೈಗೆಟುಕದಿದ್ದ ಕಾಲದಲ್ಲಿ ಅವರ ತಂಡ ದೇಶೀ ಕವಾಟ ತಯಾರಿಸಲು ಹೊರಟಿತು. ಮೊದಲಿನ ಮಾದರಿಗಳು ಕೈಕೊಟ್ಟವು. ವರ್ಷಗಟ್ಟಲೆ ಪರೀಕ್ಷೆ, ಕುರಿಗಳಲ್ಲಿ ಪ್ರಯೋಗ, ಮತ್ತೆ ಬದಲಾವಣೆ ನಡೆದು, ನಾಲ್ಕನೆಯ ಮಾದರಿ 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯ ಸೇರಿತು.

ಅದರ ಚೌಕಟ್ಟು ಕೋಬಾಲ್ಟ್-ಕ್ರೋಮಿಯಂ ಜಾತಿಯ ಮಿಶ್ರಲೋಹ. ತೆರೆದು ಮುಚ್ಚುವ ಬಿಲ್ಲೆ ಮಾತ್ರ ಬಹು ಗಟ್ಟಿಯಾದ ಪಾಲಿಎಥಿಲೀನ್ ಪ್ಲಾಸ್ಟಿಕ್. ಲೋಹಕ್ಕೆ ಲೋಹ ಉಜ್ಜುವುದಿಲ್ಲವಾದ್ದರಿಂದ ಪದರ ಉಳಿಯುತ್ತದೆ, ಕೋಬಾಲ್ಟ್ ತನ್ನ ಜಾಗದಲ್ಲೇ ಇರುತ್ತದೆ. ‘ಟಿಟಿಕೆ ಚಿತ್ರಾ’ ಹೆಸರಿನ ಈ ಕವಾಟವನ್ನು ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಜೋಡಿಸಲಾಗಿದೆ. ಡಾ. ವಲಿಯತ್ತಾನ್ 2024ರ ಜುಲೈ 17ರಂದು ಮಣಿಪಾಲದಲ್ಲಿ ನಿಧನರಾದರು.

ಈಗ ಸಾಮಾನ್ಯವಾಗಿ ಹಾಕುವ ಕೃತಕ ಮೊಣಕಾಲಿನಲ್ಲೂ ಕೋಬಾಲ್ಟ್-ಕ್ರೋಮಿಯಂ ತುಂಡು ಉಜ್ಜುವುದು ಪಾಲಿಎಥಿಲೀನಿಗೆ, ಇನ್ನೊಂದು ಲೋಹಕ್ಕಲ್ಲ. ಆದುದರಿಂದ ಎಎಸ್‌ಆರ್ ಕತೆ ಕೇಳಿ ಮೊಣಕಾಲು ಬದಲಾಯಿಸಿಕೊಂಡವರು ಗಾಬರಿಯಾಗಬೇಕಾಗಿಲ್ಲ.

ಕಣ್ಣಿನ ಮಸೂರ, ರಕ್ತದ ಚೀಲ

ಪ್ಲಾಸ್ಟಿಕ್ಕಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಸಂಘ ಸಂಸ್ಥೆಗಳ ನೇತ್ರ ತಪಾಸಣಾ ಶಿಬಿರಗಳಿಂದ ಪೊರೆಯ ಶಸ್ತ್ರಚಿಕಿತ್ಸೆಗೆ ಹೋದವರು ಬಹಳ ಮಂದಿ. ಅವರ ಕಣ್ಣಿನೊಳಗಿನ ಮಸೂರಕ್ಕೆ ದಾರಿ ತೋರಿದ್ದು ಎರಡನೆಯ ಮಹಾಯುದ್ಧ. ಯುದ್ಧವಿಮಾನದ ಕಿಟಕಿಯ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ನಂಜಾಗದಿರುವುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್‌ನಲ್ಲಿ ಅದೇ ಬಗೆಯ ವಸ್ತುವಿನ ಮಸೂರವನ್ನು ರೋಗಿಯ ಕಣ್ಣಿನಲ್ಲಿಟ್ಟರು. ಸಾವಿರಾರು ಸಣ್ಣ ಅಣುಗಳು ಕೈಕೈ ಹಿಡಿದು ಉದ್ದನೆಯ ಸರಪಣಿಯಾಗಿರುವುದರಿಂದ ಅಕ್ರಿಲಿಕ್ ನಿರುಪದ್ರವಿ. ಸರಪಣಿಯಾಗುವ ಮೊದಲಿನ ಆ ಸಣ್ಣ ಅಣುವಾದರೋ ಘಾಟು ವಾಸನೆಯ, ಅಂಗಾಂಶವನ್ನು ಕೆರಳಿಸುವ ದ್ರವ. ಕೀಲು ಕೂರಿಸುವ ‘ಬೋನ್ ಸಿಮೆಂಟ್’ ಕೂಡ ಇದೇ ಜಾತಿಯದು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಪುಡಿ ಮತ್ತು ದ್ರವವನ್ನು ಕಲಸಿ ಹಾಕುತ್ತಾರೆ. ಸಿಮೆಂಟ್ ಹಾಕುವ ಆ ಕೆಲವು ನಿಮಿಷ ಅರಿವಳಿಕೆ ವೈದ್ಯರು ರಕ್ತದೊತ್ತಡದ ಮೇಲೆ ವಿಶೇಷ ಕಣ್ಣಿಟ್ಟಿರುತ್ತಾರೆ.

ರಕ್ತದ ಚೀಲದ ಪಿವಿಸಿ ಪ್ಲಾಸ್ಟಿಕ್ ಮೂಲತಃ ಗಡುಸು. ಅದನ್ನು ಮೆದುವಾಗಿಸಲು ಡಿಇಎಚ್‌ಪಿ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸುವ ಪದ್ಧತಿ ಬಹುಕಾಲದಿಂದ ಇದೆ. ಅದು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ನಡುನಡುವೆ ನೆನೆದು ಕುಳಿತಿರುತ್ತದೆ ಅಷ್ಟೆ. ಸಲೈನ್ ನೀರಿಗೆ ಅದು ಅಷ್ಟಾಗಿ ಇಳಿಯದು, ಕೊಬ್ಬಿನಂಶವಿರುವ ರಕ್ತಕ್ಕೆ ಇಳಿಯುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಗಂಡು ಮರಿಗಳ ಜನನಾಂಗದ ಬೆಳವಣಿಗೆಗೆ ಕುಂದು ತಂದುದರಿಂದ, ನವಜಾತ ಶಿಶುಗಳ ಬಗ್ಗೆ ತಜ್ಞರು ಎಚ್ಚರ ಹೇಳಿದ್ದಾರೆ. ಸೋಜಿಗವೆಂದರೆ ಅದೇ ದ್ರವ ಕೆಂಪು ರಕ್ತಕಣಗಳ ಪೊರೆಯನ್ನು ಬಲಪಡಿಸಿ ರಕ್ತ ಕೆಡದಂತೆಯೂ ಕಾಯುತ್ತದೆ. ಆದ್ದರಿಂದಲೇ ಅದಕ್ಕೆ ಬದಲಿ ಹುಡುಕುವುದು ಸುಲಭವಾಗಿಲ್ಲ.

ಪತ್ತೆಯಾಗದ 3,600 ಮಂದಿ

ಎಎಸ್‌ಆರ್ ಪ್ರಕರಣದ ಉಳಿದ ಭಾಗ ರಸಾಯನಶಾಸ್ತ್ರದ್ದಲ್ಲ, ಕಾಗದಪತ್ರದ್ದು. ವಲಸಿಗ ಸಮಾಜ ಓದಲೇಬೇಕಾದ ಭಾಗವೂ ಅದೇ. ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ 2011ರಲ್ಲಿ ಮುಂಬಯಿಯಲ್ಲಿ ಪೊಲೀಸ್ ದೂರು ನೀಡಿತು. ಕೇಂದ್ರ ಆರೋಗ್ಯ ಸಚಿವಾಲಯ 2017ರ ಫೆಬ್ರವರಿಯಲ್ಲಿ ಡಾ. ಅರುಣ್ ಕುಮಾರ್ ಅಗರ್ವಾಲ್ ಅಧ್ಯಕ್ಷತೆಯ ಸಮಿತಿ ನೇಮಿಸಿತು. ಬಾಧಿತರಿಗೆ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಸಿಗಬೇಕೆಂದು ಸಮಿತಿ ಹೇಳಿತು. 2018ರ ಕೊನೆಗೆ ಸರಕಾರ, ವಯಸ್ಸು ಮತ್ತು ಅಂಗವೈಕಲ್ಯದ ಪ್ರಮಾಣ ನೋಡಿ 30 ಲಕ್ಷದಿಂದ 1.23 ಕೋಟಿಯವರೆಗಿನ ಸೂತ್ರ ಪ್ರಕಟಿಸಿತು. ಕಂಪೆನಿ ಇದನ್ನು ಪ್ರಶ್ನಿಸಿತು. 2019ರಲ್ಲಿ ದಿಲ್ಲಿ ಹೈಕೋರ್ಟಿನ ಮುಂದೆ, ಮರುಶಸ್ತ್ರಚಿಕಿತ್ಸೆಗೊಳಗಾದ 67 ಮಂದಿಗೆ ತಲಾ 25 ಲಕ್ಷ ಕೊಡಲು ಅದು ಒಪ್ಪಿತು.

ಆದರೆ ಸಮಿತಿಯ ವರದಿಯಲ್ಲಿದ್ದ ಇನ್ನೊಂದು ಅಂಕಿ ಹೆಚ್ಚು ಕಳವಳಕಾರಿ. 4,700ರಲ್ಲಿ ಸುಮಾರು 3,600 ಮಂದಿ ಎಲ್ಲಿದ್ದಾರೆಂದೇ ಪತ್ತೆಯಾಗಿರಲಿಲ್ಲ. ತಮ್ಮ ಮೈಯೊಳಗಿರುವುದು ಹಿಂದಕ್ಕೆ ಪಡೆದ ಕೀಲು ಎಂಬುದು ಅವರಿಗೆ ತಿಳಿಸಲು ವಿಳಾಸವೇ ಇರಲಿಲ್ಲ.

ಇದು ಹೇಗಾಗುತ್ತದೆ ಎಂಬುದನ್ನು ಮುಂಬಯಿ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆ ಮುಂಬಯಿಯಲ್ಲಿ, ವಿಶ್ರಾಂತಿ ಊರಿನಲ್ಲಿ. ಅಥವಾ ಮಂಗಳೂರು, ಮಣಿಪಾಲಗಳಲ್ಲಿ ಶಸ್ತ್ರಚಿಕಿತ್ಸೆ, ವಾಸ ಠಾಕುರ್ಲಿಯಲ್ಲಿ. ಆಸ್ಪತ್ರೆಗೆ ಕೊಟ್ಟ ವಿಳಾಸ ಬಾಡಿಗೆ ಕೋಣೆಯದು, ಈಗ ಆ ಚಾಳ್ ಇದ್ದಲ್ಲಿ ಟವರ್ ಎದ್ದಿದೆ. ಕೊಟ್ಟ ಫೋನು ಮಗನದು, ಮಗ ಕೊಲ್ಲಿ ರಾಷ್ಟ್ರದಲ್ಲಿ. ನಿವೃತ್ತಿಯ ಬಳಿಕ ಹಿರಿಯರು ಉಡುಪಿಗೋ ಕುಂದಾಪುರಕ್ಕೋ ಹೋದರೆ ಡಿಸ್ಚಾರ್ಜ್ ಕಾಗದ ಇಲ್ಲಿಯ ಕಪಾಟಿನಲ್ಲೇ ಉಳಿಯುತ್ತದೆ, ಇಲ್ಲವೇ ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತದೆ.

ಮಾಡಬೇಕಾದುದೇನು?

ಪ್ರತಿಯೊಂದು ಕೃತಕ ಕೀಲು, ಸ್ಟೆಂಟ್, ಮಸೂರದ ಪೆಟ್ಟಿಗೆಯಲ್ಲಿ ಕಂಪೆನಿ, ಮಾದರಿ ಮತ್ತು ಲಾಟ್ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುವಂತೆ ಕೇಳಿ ಪಡೆಯಬೇಕು, ಫೋನಿನಲ್ಲಿ ಚಿತ್ರ ತೆಗೆದು ಮಕ್ಕಳಿಗೂ ಕಳುಹಿಸಿಡಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಲ್ಲಿ ಕೇಳಬೇಕಾದುದು ಇಷ್ಟು: ಇದು ಯಾವ ವಸ್ತು? ಯಾವುದಕ್ಕೆ ಯಾವುದು ಉಜ್ಜುತ್ತದೆ? ಎಷ್ಟು ವರ್ಷಗಳಿಂದ ಬಳಕೆಯಲ್ಲಿದೆ? ಇಮಿಟೇಶನ್ ಆಭರಣ ಅಥವಾ ಗಡಿಯಾರದ ಪಟ್ಟಿಯಿಂದ ಚರ್ಮ ಕೆಂಪಾಗಿ ತುರಿಸುವವರು ಅದನ್ನು ವೈದ್ಯರಿಗೆ ಮುಂಚಿತವಾಗಿಯೇ ಹೇಳಬೇಕು. ಬಹುತೇಕ ಅದು ನಿಕ್ಕೆಲ್ ಅಲರ್ಜಿ, ಮತ್ತು 316ಎಲ್ ಸ್ಟೀಲಿನಲ್ಲಿ ನಿಕ್ಕೆಲ್ ಇದೆ. ಅಲರ್ಜಿ ಇದ್ದವರಿಗೆಲ್ಲ ತೊಂದರೆಯಾಗುತ್ತದೆಂದಲ್ಲ, ಆಯ್ಕೆ ಮಾಡುವಾಗ ವೈದ್ಯರಿಗೆ ತಿಳಿದಿರಬೇಕು.

2004ರಿಂದ 2010ರ ನಡುವೆ ಸೊಂಟದ ಕೀಲು ಬದಲಾಯಿಸಿಕೊಂಡವರು ಹಳೆಯ ಕಾಗದ ಹುಡುಕಿ ನೋಡುವುದು ಒಳ್ಳೆಯದು. ಕಾಗದ ಸಿಗದಿದ್ದರೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕೀಲಿನ ಬಳಿ ಹೊಸದಾಗಿ ನೋವು, ಊತ, ಕರಕರ ಸದ್ದು ಇದ್ದರೆ ತಡ ಮಾಡದೆ ಮೂಳೆ ತಜ್ಞರನ್ನು ಕಾಣಬೇಕು. ವೈದ್ಯಕೀಯ ಸಾಧನಗಳಿಂದಾದ ತೊಂದರೆಯನ್ನು ದಾಖಲಿಸಲು 2015ರ ಜುಲೈನಿಂದ ಕೇಂದ್ರ ಸರಕಾರದ ಪ್ರತ್ಯೇಕ ಕಾರ್ಯಕ್ರಮವಿದೆ. ಘಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. ರೋಗಿಗಳೇ ನೇರವಾಗಿಯೂ ವರದಿ ಮಾಡಬಹುದು.

ಸಂಘ ಸಂಸ್ಥೆಗಳು ಇಲ್ಲಿ ಒಂದು ಸಣ್ಣ, ಆದರೆ ಶಾಶ್ವತ ಉಪಕಾರ ಮಾಡಬಹುದು. ಡೊಂಬಿವಲಿ, ಠಾಕುರ್ಲಿ, ಕಲ್ಯಾಣ ಪರಿಸರದಲ್ಲಿ ವೈದ್ಯಕೀಯ ಶಿಬಿರಗಳು ನಡೆಯುತ್ತಲೇ ಇರುತ್ತವೆ. ರಕ್ತದೊತ್ತಡ, ಸಕ್ಕರೆ ಬರೆದುಕೊಳ್ಳುವ ಅದೇ ಕಾರ್ಡಿನಲ್ಲಿ ‘ಮೈಯೊಳಗಿನ ಸಾಧನ, ಕಂಪೆನಿ, ಲಾಟ್ ಸಂಖ್ಯೆ, ಹಾಕಿದ ವರ್ಷ’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಕಾರ್ಡು ಸದಸ್ಯರ ಕೈಯಲ್ಲೇ ಇರಲಿ, ಅವರು ಊರಿಗೆ ಹೋದಾಗ ಅವರೊಡನೆಯೇ ಹೋಗಲಿ.

ಬಳಕೆಯಲ್ಲಿರುವ ಸಾಧನಗಳಲ್ಲಿ ಬಹುಪಾಲು ತಮ್ಮ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿವೆ. ಅವುಗಳಿಂದಾಗಿ ಎಷ್ಟೋ ಹಿರಿಯರು ಮತ್ತೆ ಮೆಟ್ಟಿಲು ಹತ್ತುತ್ತಿದ್ದಾರೆ, ಪತ್ರಿಕೆ ಓದುತ್ತಿದ್ದಾರೆ. ಲೋಹಕ್ಕೆ ಹೆದರಿ ಶಸ್ತ್ರಚಿಕಿತ್ಸೆ ಮುಂದೂಡುವುದು ಬೇಡ. ಮೈಯೊಳಗೆ ಸೇರಿದ ವಸ್ತು ಯಾವುದೆಂದು ತಿಳಿಯದೆ ಆಸ್ಪತ್ರೆಯಿಂದ ಮನೆಗೆ ಬರುವುದೂ ಬೇಡ.